ಗಡಿನಾಡಿನ ಜನಪದ ಗಾಯನ: ಉಳಿಸಿಕೊಂಡವರು ಮತ್ತು ನಮ್ಮ ಶಾಲೆಗಳ ಹೊಣೆ

ನಮ್ಮ ಶಾಲೆಯು ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಸಂತೋಷವೂ ಸಂಕೋಚವೂ ಒಟ್ಟಿಗೆ ಆದವು. ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ಆದುದರಿಂದ, ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಮುಂದೆ ಈ ಸೀಮೆಯ ಶಾಲೆಗಳಲ್ಲಿಯೇ ಉಪಾಧ್ಯಾಯನಾಗಿ, ಮುಖ್ಯೋಪಾಧ್ಯಾಯನಾಗಿ ಆಯುಷ್ಯವನ್ನು ಕಳೆದ ನಾನು, ತರಗತಿಯಲ್ಲಿ ಎಂದೂ ಹೇಳದೆ ಉಳಿಸಿದ ಒಂದು ಪಾಠವನ್ನು ಇಲ್ಲಿ ಹೇಳಬಯಸುತ್ತೇನೆ. ಅದು ನಮ್ಮ ಊರುಕೇರಿಗಳ ಹಾಡಿನ ಪಾಠ. ಈ ಹಾಡುಗಳನ್ನು ಯಾರು ಉಳಿಸಿಕೊಂಡು ಬಂದರು, ಯಾವುದು ಉಳಿಯಿತು, ಯಾವುದು ಅಳಿಯಿತು, ಏಕೆ ಅಳಿಯಿತು ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಉಪಾಧ್ಯಾಯರಂತೂ ತಿಳಿಯಲೇಬೇಕು.

ಎರಡು ಭಾಷೆಯ ನೆಲ

ಆದೋನಿ, ಆಲೂರು ಸೀಮೆಯು ೧೮೦೦ರಲ್ಲಿ ಹೈದರಾಬಾದಿನ ನಿಜಾಮರು ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ಭಾಗವಾಗಿತ್ತು. ಮುಂದೆ ಅದು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದ ಭಾಗ ಮೈಸೂರಿಗೆ ಹೋಯಿತು. ಆಗ ನಾನು ಮೂರು ವರ್ಷದ ಮಗು. ನಮ್ಮ ಮನೆಯೂ ಬಾವಿಯೂ ಇದ್ದಲ್ಲಿಯೇ ಇದ್ದವು. ರಾಜ್ಯ ಮಾತ್ರ ಬದಲಾಯಿತು. ಅಂದಿನಿಂದ ನಮ್ಮವರಿಗೆ ಕಚೇರಿಗೆ ಕರ್ನೂಲು, ಬೀಗತನಕ್ಕೆ ಬಳ್ಳಾರಿ ಎಂಬಂತಾಯಿತು.

ಕೋಸಿಗಿ, ಕೌತಾಳಂ, ಹೊಳಗುಂದಿ, ಹಾಲಹರವಿ, ಚಿಪ್ಪಗಿರಿ ಕಡೆಯ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡವಾದರೆ ಅಂಗಡಿಯ ಮಾತು ತೆಲುಗು. ಕೆಲವು ಮನೆಗಳಲ್ಲಿ ಇದಕ್ಕೆ ವಿರುದ್ಧ. ಹೊಳಗುಂದಿಯ ಬಳಿಯ ದೇವರಗಟ್ಟಿನಲ್ಲಿ ದಸರಾ ರಾತ್ರಿ ನಡೆಯುವ ಮಾಳ ಮಲ್ಲೇಶ್ವರ ಸ್ವಾಮಿಯ ಉತ್ಸವವನ್ನು ಇಂದಿಗೂ ತೆಲುಗು ಪತ್ರಿಕೆಗಳು ಸಹ ‘ಬನ್ನಿ’ ಉತ್ಸವವೆಂದೇ ಕರೆಯುತ್ತವೆ. ಶಮೀವೃಕ್ಷಕ್ಕೆ ತೆಲುಗಿನಲ್ಲಿ ಜಮ್ಮಿ ಎಂದು ಹೆಸರು. ಬನ್ನಿ ಎಂಬುದು ಕನ್ನಡದ ಮಾತು. ಆಡಳಿತದ ಗಡಿ ಬದಲಾದರೂ ದೇವರ ಬಾಯಲ್ಲಿ ಮಾತು ಬದಲಾಗಲಿಲ್ಲ.

ಇದು ಒಂದು ಕಡೆಯ ಮಾತಲ್ಲ. ಕನ್ನಡ ಹರಿದಾಸರಲ್ಲಿ ಅಗ್ರಗಣ್ಯರಾದ ವಿಜಯದಾಸರು (೧೬೮೨–೧೭೫೫) ಕೊನೆಯ ದಿನಗಳನ್ನು ಕಳೆದು ದೇಹವಿಟ್ಟ ಚಿಪ್ಪಗಿರಿ ಇಂದು ಆಂಧ್ರದಲ್ಲಿದೆ. ಅತ್ತ ಕರ್ನಾಟಕದ ಕೈವಾರದಲ್ಲಿ ನೆಲೆಸಿದ್ದ ಯೋಗಿ ನಾರೇಯಣರು ತಮ್ಮ ತತ್ವಪದಗಳನ್ನು ಹೆಚ್ಚಾಗಿ ಹಾಡಿದ್ದು ತೆಲುಗಿನಲ್ಲಿ. ಹಾಡಿಗೆ ಭಾಷೆಯುಂಟು, ಗಡಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ನಮ್ಮ ಹಾಡುಗಳು ಕುಗ್ಗಲು ಗಡಿರೇಖೆ ಕಾರಣವೆಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಿಜವಾದ ಕಾರಣವನ್ನು ಅರಿಯಬೇಕಾದರೆ ಹಾಡುಗಳನ್ನು ಅವು ಹುಟ್ಟುವ ಸಂದರ್ಭದ ಮೇಲೆ ಮೂರು ಬಗೆಯಾಗಿ ವಿಂಗಡಿಸಿಕೊಳ್ಳಬೇಕು: ದುಡಿಮೆಯ ಹಾಡು, ದೇವರ ಹಾಡು, ಕಥೆಯ ಹಾಡು.

೧. ದುಡಿಮೆಯ ಹಾಡು

ನನ್ನ ತಾಯಿ ಬೆಳಗಿನ ಜಾವ ಜೋಳ ಬೀಸಲು ಕುಳಿತರೆ ಕಲ್ಲಿನ ಆಚೆ ಬದಿಗೆ ನೆರೆಮನೆಯ ತೆಲುಗು ಮಾತಿನ ಹೆಣ್ಣುಮಗಳು ಬಂದು ಕೂರುತ್ತಿದ್ದಳು. ಒಂದೇ ಗೂಟಕ್ಕೆ ಎರಡು ಕೈ. ತಾಯಿ ಒಂದು ನುಡಿ ಎತ್ತಿಕೊಂಡರೆ ಆಕೆ ಅದನ್ನು ಹಿಡಿದು ಮುಗಿಸುತ್ತಿದ್ದಳು, ಕನ್ನಡದಲ್ಲಿಯೇ. ಒನಕೆ ಹಿಡಿದಾಗ ಆಕೆಯೇ ಮೊದಲಿಗಳು. ತೆಲುಗು ಸುವ್ವಿಯ ಪದಕ್ಕೆ ನನ್ನ ತಾಯಿ ದನಿಗೂಡಿಸುತ್ತಿದ್ದಳು. ಇಬ್ಬರೂ ಅಕ್ಷರ ಬಲ್ಲವರಲ್ಲ.

ಬೀಸುವ ಪದಗಳ ಛಂದಸ್ಸು ತ್ರಿಪದಿ. ಮೂರು ಸಾಲು, ಹಾಡುವಾಗ ಎರಡನೆಯ ಸಾಲನ್ನು ಮರಳಿ ಹಾಡಿ ಮೂರನೆಯದಕ್ಕೆ ಹೋಗುವುದು ರೂಢಿ. ಕಲ್ಲಿನ ಸುತ್ತಿಗೆ ಇದು ಹೇಳಿ ಮಾಡಿಸಿದಂತಿದೆ. ಈ ಛಂದಸ್ಸು ನಿನ್ನೆ ಮೊನ್ನೆಯದಲ್ಲ; ಸುಮಾರು ಕ್ರಿ.ಶ. ೭೦೦ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ತ್ರಿಪದಿಯಿದೆ. ಶಾಸನದ ಕಲ್ಲಿನಲ್ಲಿಯೂ ಬೀಸುವ ಕಲ್ಲಿನಲ್ಲಿಯೂ ಒಂದೇ ನಡೆ ಸಾವಿರದ ಮುನ್ನೂರು ವರ್ಷ ಬಾಳಿತು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಓದುಬರಹ ಬಲ್ಲ ಕನ್ನಡಿಗರು ತಮ್ಮ ತಾಯಂದಿರ ಕಾವ್ಯವನ್ನು ಮೊದಲ ಬಾರಿಗೆ ಪುಸ್ತಕದಲ್ಲಿ ಕಂಡು ಬೆರಗಾದರು.

ಹಿಟ್ಟಿನ ಗಿರಣಿ ಬಂದಿತು, ಬೀಸುಕಲ್ಲು ನಿಂತಿತು. ಕಲ್ಲಿನೊಡನೆ ಹಾಡೂ ನಿಂತಿತು. ಗಿರಣಿಯನ್ನು ನಾನು ದೂರುವುದಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಎದ್ದು ರಟ್ಟೆ ನೋಯುವಂತೆ ಬೀಸಿದ ಹೆಣ್ಣುಮಕ್ಕಳಿಗೆ ಅದು ಬಿಡುಗಡೆಯನ್ನು ತಂದಿತು. ಆದರೆ ದುಡಿಮೆಯ ಹಾಡಿಗೆ ದುಡಿಮೆಯೇ ಮನೆ. ಆ ಮನೆ ಬಿದ್ದ ಮೇಲೆ ಹಾಡು ಸೋಬಾನೆಯ ಜಗಲಿಗೆ ಬಂದು ಕುಳಿತಿದೆ. ಇಂದು ನಮ್ಮ ಹಳ್ಳಿಗಳಲ್ಲಿ ತ್ರಿಪದಿ ಕೇಳಬೇಕಾದರೆ ಮದುವೆ, ಸೀಮಂತ, ತೊಟ್ಟಿಲ ಶಾಸ್ತ್ರಗಳಲ್ಲಿ ವಯಸ್ಸಾದ ಹೆಂಗಸರ ಬಳಿ ಕೇಳಬೇಕು. ಮೈಕಿನಲ್ಲಿ ಸಿನಿಮಾ ಹಾಡು ಹಾಕಿದೊಡನೆ ಅವರೂ ಸುಮ್ಮನಾಗುತ್ತಾರೆ.

೨. ದೇವರ ಹಾಡು

ದೇವರಿಗೆ ಅಂಟಿಕೊಂಡ ಹಾಡು ಅಷ್ಟು ಬೇಗ ಅಳಿಯಲಿಲ್ಲ. ಜಾತ್ರೆಗೆ ತಿಥಿಯಿದೆ, ಹಾಡುವ ಮನೆತನಕ್ಕೆ ಹಕ್ಕಿದೆ, ಕೇಳುವವರಿಗೆ ಹರಕೆಯಿದೆ. ಈ ಮೂರೂ ಇರುವ ತನಕ ಹಾಡು ತಪ್ಪುವುದಿಲ್ಲ.

ಹಾಲುಮತದವರು ಬೀರಪ್ಪನ ಸೇವೆಯಲ್ಲಿ ಡೊಳ್ಳು ಬಾರಿಸುತ್ತಾರೆ. ಮರದ ಹೊಳವಿಗೆ ಎರಡೂ ಕಡೆ ಚರ್ಮ ಬಿಗಿದ ಈ ಭಾರದ ವಾದ್ಯವನ್ನು ಹೆಗಲಿಗೆ ಇಳಿಬಿಟ್ಟು, ವೃತ್ತಾಕಾರವಾಗಿ ನಿಂತು, ತಾಳದವನ ಸನ್ನೆಗೆ ಹೆಜ್ಜೆ ಹಾಕುವುದು ಡೊಳ್ಳು ಕುಣಿತ. ಕುಣಿತದ ನಡುವೆ ಹಾಡುವ ಡೊಳ್ಳಿನ ಪದಗಳಲ್ಲಿ ಆ ಮತದ ಪುರಾಣವೇ ಅಡಗಿದೆ. ಮೈಲಾರಲಿಂಗನ ಒಕ್ಕಲಾದ ಗೊರವರದು ಇನ್ನೊಂದು ರೀತಿ. ಕರಿಯ ಕಂಬಳಿಯ ನಿಲುವಂಗಿ, ತಲೆಗೆ ಕರಡಿಯ ಕೂದಲಿನ ಟೊಪ್ಪಿಗೆ, ಒಂದು ಕೈಯಲ್ಲಿ ಡಮರುಗ, ಇನ್ನೊಂದರಲ್ಲಿ ಪಿಳ್ಳಂಗೋವಿ, ಸೊಂಟದಲ್ಲಿ ಭಂಡಾರದ ಚೀಲ. ದೇವರಗಟ್ಟಿನ ಉತ್ಸವವು ಕೋಲುಗಳ ಕಾಳಗದಿಂದಲೂ ಗಾಯಾಳುಗಳ ಸುದ್ದಿಯಿಂದಲೂ ಪತ್ರಿಕೆಗಳಲ್ಲಿ ಹೆಸರಾಗಿದೆ. ಆ ಗದ್ದಲದಲ್ಲಿ ಗೊರವರ ಡಮರುಗದ ನಾದ ಯಾರ ಕಿವಿಗೂ ಬೀಳುತ್ತಿಲ್ಲವೆಂಬುದು ನನ್ನ ಕೊರಗು. ಈಗಿನ ವಿಜಯನಗರ ಜಿಲ್ಲೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಬಿಲ್ಲನ್ನೇರಿ ನುಡಿಯುವ ಕಾರ್ಣಿಕದ ಹಾಗೆಯೇ ಇಲ್ಲಿಯೂ ಭವಿಷ್ಯದ ನುಡಿ ಹೊರಡುತ್ತದೆ. ಮಳೆ ಬೆಳೆಯ ಮಾತಿಗಾಗಿ ರೈತರು ಕಾಯುತ್ತಾರೆ.

ಮೊಹರಂ ಬಂದಾಗ ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಿಂದೂ ಮುಸಲ್ಮಾನರೆಂಬ ಭೇದ ಅಲಾಯಿ ಕುಣಿಯ ಸುತ್ತ ಕರಗುತ್ತದೆ. ಕ್ರಿ.ಶ. ೬೮೦ರ ಕರ್ಬಲಾದ ಕಥೆಯನ್ನು, ಹಸನ್ ಹುಸೇನರ ತ್ಯಾಗವನ್ನು ಹಲಗೆಯ ಬಡಿತಕ್ಕೆ ಕನ್ನಡ ರಿವಾಯತ್ ಪದಗಳಲ್ಲಿ ಹಾಡುವ ರೂಢಿ ಬಳ್ಳಾರಿ, ರಾಯಚೂರು ಕಡೆ ಹರಡಿದೆ. ಅರಬ್ಬೀ ದೇಶದ ದುಃಖ ನಮ್ಮ ಎರೆನೆಲದ ಕನ್ನಡದಲ್ಲಿ ಕಣ್ಣೀರಾಯಿತು.

ದಾಸರ ಪದಗಳದ್ದೂ ಇದೇ ಕಥೆ. ಚಿಪ್ಪಗಿರಿಯಲ್ಲಿ ಕಾರ್ತಿಕ ಶುದ್ಧ ದಶಮಿಗೆ ವಿಜಯದಾಸರ ಆರಾಧನೆ ನಡೆಯುತ್ತದೆ. ಕೋಸಿಗಿಯ ಗುರುಜಗನ್ನಾಥದಾಸರ ಕೃತಿಗಳು ಮಂತ್ರಾಲಯದ ಭಕ್ತರ ಬಾಯಲ್ಲಿವೆ. ಶಾಸ್ತ್ರ ಬಲ್ಲವರು ಸುಳಾದಿಯನ್ನು ತಾಳ ಬದಲಿಸಿ ಹಾಡಿದರೆ, ಊರ ಭಜನೆಯ ಮೇಳದವರು ಹಾರ್ಮೋನಿಯಂ, ತಬಲ, ತಾಳಗಳೊಡನೆ ಅದೇ ದಾಸರ ದೇವರನಾಮವನ್ನು ತಮ್ಮ ಮಟ್ಟಿನಲ್ಲಿ ಹಾಡುತ್ತಾರೆ. ಶನಿವಾರ ರಾತ್ರಿ ಹನುಮಪ್ಪನ ಗುಡಿಯಲ್ಲಿ ಹೊಲದ ಕೆಲಸ ಮುಗಿಸಿ ಬಂದು ಕೂರುವ ಈ ಭಜನೆಯವರಿಗೆ ಯಾವ ಪ್ರಶಸ್ತಿಯೂ ಬಂದಿಲ್ಲ. ಆದರೆ ನಮ್ಮ ಕಡೆ ಕನ್ನಡ ಹಾಡು ವಾರ ತಪ್ಪದೆ ಕೇಳಿಬರುವುದು ಅವರಿಂದಲೇ.

೩. ಕಥೆಯ ಹಾಡು

ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿರುವುದು ಈ ಮೂರನೆಯ ಬಗೆ. ಬುರ್ರಕಥೆ, ಜೋಗತಿಯರ ಚೌಡಿಕೆ ಪದ, ಕಿನ್ನರಿ ಜೋಗಿಗಳ ಹಾಡು, ತೊಗಲು ಗೊಂಬೆಯಾಟದವರ ಹಾಡುಗಾರಿಕೆ, ಬಯಲಾಟದ ಪದ ಎಲ್ಲವೂ ಇದರಲ್ಲಿ ಸೇರುತ್ತವೆ. ಇವುಗಳಿಗೆ ಇಡೀ ರಾತ್ರಿ ಕುಳಿತು ಕೇಳುವ ಜನ ಬೇಕು. ಆ ಜನ ಈಗ ಬೇಸಿಗೆ ಬಂದರೆ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ ಬೆಂಗಳೂರಿನ ಕಟ್ಟಡಗಳಿಗೂ ಗುಳೆ ಹೋಗುತ್ತಾರೆ. ಊರಲ್ಲಿ ಉಳಿದವರ ಕೈಗೆ ಮೊಬೈಲ್ ಬಂದಿದೆ.

ಈ ವರ್ಗದ ಕಲಾವಿದರಲ್ಲಿ ನಮ್ಮ ಮಕ್ಕಳು ಮೊದಲು ತಿಳಿಯಬೇಕಾದ ಹೆಸರು ದರೋಜಿ ಈರಮ್ಮನವರದು. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದರೋಜಿಯ ಈಕೆ ಬುಡ್ಗ ಜಂಗಮ ಸಮುದಾಯದವರು. ಮನೆಮಾತು ತೆಲುಗು, ಹಾಡಿದ್ದು ಕನ್ನಡ. ಅಕ್ಷರ ಕಲಿತವರಲ್ಲ. ಆದರೂ ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ ಮೊದಲಾದ ಹನ್ನೆರಡು ಕಾವ್ಯಗಳನ್ನು ಕಂಠದಲ್ಲಿ ಧರಿಸಿದ್ದರು. ೧೩೨೭ರಲ್ಲಿ ದೆಹಲಿಯ ಸೇನೆಗೆ ಸೋತು ಅಳಿದ ಕಂಪಿಲಿ ರಾಜ್ಯದ ರಾಜಕುಮಾರನ ಕಥೆ ಆರುನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಓದು ಬಾರದ ಹೆಣ್ಣುಮಗಳ ನಾಲಗೆಯ ಮೇಲೆ ಉಳಿದಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಆಕೆ ಹಾಡಿದ ಕಾವ್ಯವನ್ನು ಬರೆದುಕೊಂಡು ಪ್ರಕಟಿಸಿದರು. ರಾಜ್ಯೋತ್ಸವ ಪ್ರಶಸ್ತಿಯೂ ಬಂದಿತು. ೨೦೧೪ರ ಆಗಸ್ಟ್ ೧೨ರಂದು ಈರಮ್ಮನವರು ತೀರಿಕೊಂಡರು. ಸಕಾಲದಲ್ಲಿ ಬರೆದುಕೊಳ್ಳುವವರು ಸಿಕ್ಕಿದ್ದರಿಂದ ಆಕೆಯೊಡನೆ ಆ ಕಾವ್ಯಗಳು ಮಣ್ಣಾಗಲಿಲ್ಲ. ಇದು ನೆನಪಿಡತಕ್ಕ ಮಾತು.

ಎರಡನೆಯ ಹೆಸರು ಮಾತಾ ಮಂಜಮ್ಮ ಜೋಗತಿಯವರದು. ಬಳ್ಳಾರಿ ಜಿಲ್ಲೆಯಲ್ಲಿ ಗಂಡಾಗಿ ಹುಟ್ಟಿ, ಹೆಣ್ಣಾಗಿ ಬಾಳಲು ಹೊರಟು, ಮನೆಯಿಂದ ದೂರವಾಗಿ, ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿಯವರ ಮೇಳ ಸೇರಿ, ಎಲ್ಲಮ್ಮನ ಕಥೆಯನ್ನು ಹಾಡಿ ಕುಣಿದು ದೊಡ್ಡವರಾದವರು. ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀ ಪಡೆದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕಾಗಿ ೨೦೨೫ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಕರ್ನಾಟಕದ ಗಡಿಗೆ ಹೊಂದಿದ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ದಾಮರಗಿದ್ದದಲ್ಲಿ ಬುರ್ರವೀಣೆ ನುಡಿಸುವ ದಾಸರಿ ಕೊಂಡಪ್ಪನವರಿಗೆ ೨೦೨೪ರಲ್ಲಿ ಅದೇ ಗೌರವ ಸಂದಿತು.

ಪ್ರಶಸ್ತಿಗಳು ಬರುತ್ತಿವೆ, ಸಂತೋಷ. ಆದರೆ ಪ್ರಶಸ್ತಿಯೇ ಅನ್ನವಲ್ಲ. ತೆಲಂಗಾಣದ ದರ್ಶನಂ ಮೊಗಿಲಯ್ಯನವರು ಹನ್ನೆರಡು ಮೆಟ್ಟಿಲ ಕಿನ್ನರಿಯನ್ನು ಉಳಿಸಿದ್ದಕ್ಕೆ ೨೦೨೨ರಲ್ಲಿ ಪದ್ಮಶ್ರೀ ಪಡೆದವರು. ೨೦೨೪ರಲ್ಲಿ ಅವರು ಹೈದರಾಬಾದಿನ ಬಳಿ ಕಟ್ಟಡದ ಕೂಲಿಗೆ ಹೋಗುತ್ತಿರುವ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ದೊಡ್ಡ ಕಲಾವಿದರ ಪಾಡೇ ಇದಾದರೆ, ಹೆಸರಿಲ್ಲದ ಹಳ್ಳಿಯ ಹಾಡುಗಾರನು ತನ್ನ ಮಗನಿಗೆ ಈ ವಿದ್ಯೆಯನ್ನು ಕಲಿಸಲು ಹಿಂಜರಿದರೆ ತಪ್ಪೇನು?

ಒಂದು ತಪ್ಪೊಪ್ಪಿಗೆ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳದಿದ್ದರೆ ಈ ಪಾಠ ಪೂರ್ಣವಾಗದು. ೧೯೭೯ರ ಸುಮಾರಿಗೆ ನಾನು ಈ ಸೀಮೆಯ ಬೇರೊಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆ. ಆರನೆಯ ತರಗತಿಯಲ್ಲಿ ಬುರ್ರಕಥೆಯವರ ಹುಡುಗನೊಬ್ಬನಿದ್ದ. ಸುಗ್ಗಿ ಮುಗಿದೊಡನೆ ತಂದೆಯೊಡನೆ ಊರೂರು ಹೋಗುವನು, ತಿಂಗಳುಗಟ್ಟಲೆ ಬಾರನು. ಬಂದಾಗ ಎಂಟು ಸಾಲಿನ ಪದ್ಯವನ್ನು ಒಪ್ಪಿಸಲಾರದೆ ತಲೆ ತಗ್ಗಿಸಿ ನಿಲ್ಲುವನು. ಇಡೀ ತರಗತಿಯ ಎದುರಿಗೆ ನಾನು ಅವನನ್ನು ಬೈದೆ. ತಿರಿದು ತಿನ್ನುವವರಿಗೆ ವಿದ್ಯೆ ಏಕೆಂದು ಸಹ ಕೇಳಿದೆ. ಆ ಮಾತನ್ನು ಇಂದು ಬರೆಯುವಾಗ ಕೈ ನಡುಗುತ್ತದೆ.

ಕೆಲವು ದಿನಗಳ ಮೇಲೆ ಅದೇ ಊರಿನ ಕಟ್ಟೆಯಲ್ಲಿ ಅವನ ತಂದೆಯ ಕಥೆಯಿತ್ತು. ಹುಡುಗ ಹಿಮ್ಮೇಳದಲ್ಲಿ ನಿಂತಿದ್ದ. ರಾತ್ರಿ ಹತ್ತರಿಂದ ಬೆಳಗಿನ ಜಾವದವರೆಗೆ ತಂದೆ ಎತ್ತಿದ ಒಂದೊಂದು ನುಡಿಗೂ ದನಿಗೂಡಿಸಿದ, ಎಲ್ಲಿಯೂ ತಪ್ಪಲಿಲ್ಲ. ಎಂಟು ಸಾಲು ಬಾರದವನೆಂದು ನಾನು ನಿಲ್ಲಿಸಿದ್ದ ಹುಡುಗನ ಹೃದಯದಲ್ಲಿ ಸಾವಿರ ಸಾಲುಗಳಿದ್ದವು. ಮರುದಿನ ಕರೆದು ಬೆನ್ನು ತಟ್ಟಬೇಕಿತ್ತು. ನಾನು ತಟ್ಟಲಿಲ್ಲ, ನಿದ್ದೆಗೆಟ್ಟು ತಡವಾಗಿ ಬಂದನೆಂದು ಮತ್ತೆ ಗದರಿದೆ. ಮುಂದಿನ ವರ್ಷ ಅವನು ಬರಲಿಲ್ಲ. ನಿಯಮದಂತೆ ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಹೊಡೆದುಹಾಕಿದವನೂ ನಾನೇ.

ಇಪ್ಪತ್ತು ವರ್ಷಗಳ ಮೇಲೆ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಅಂಡಿಗೆ ಹೊರುತ್ತಿದ್ದ ಹಮಾಲಿಯೊಬ್ಬ ನನ್ನನ್ನು ಕಂಡು ಕೈಮುಗಿದ. “ಗುರ್ತು ಹತ್ತಲಿಲ್ಲೇನ್ರೀ ಸಾರ್?” ಎಂದ. ಅವನೇ. ನಾನು ಕಥೆಯ ವಿಚಾರ ಕೇಳಿದೆ. “ಕಥಿ ಅಪ್ಪನ ಸಂಗಾಟಾನೇ ಹೋತು ಸಾರ್. ನನಗ ಅಲ್ಲೊಂದು ಇಲ್ಲೊಂದು ನೆನಪೈತಿ. ಬರ್ದಿಡಾಕ ಅಕ್ಷರ ಬರಬೇಕಲ್ರೀ,” ಎಂದು ನಕ್ಕ. ಅವನು ನನ್ನನ್ನು ದೂರಲಿಲ್ಲ. ಚಹಾ ಕುಡಿಸಿ ಕಳಿಸಿದ. ದುಡ್ಡನ್ನು ನನಗೆ ಕೊಡಗೊಡಲಿಲ್ಲ.

ಶಾಲೆ ಅವನಿಗೆ ಅಕ್ಷರವನ್ನು ಕೊಡಲಿಲ್ಲ. ಬದುಕು ಅವನಿಂದ ಹಾಡನ್ನು ಕಸಿಯಿತು. ಎರಡೂ ಅವನಿಗೆ ದಕ್ಕಬೇಕಿತ್ತು. ಹಾಡು ಬಿಟ್ಟರೆ ಮಾತ್ರ ಓದು, ಓದು ಬಿಟ್ಟರೆ ಮಾತ್ರ ಹಾಡು ಎಂದು ಅಂದು ನಾನು ತಿಳಿದಿದ್ದೆ. ಆ ತಿಳಿವಳಿಕೆಯೇ ತಪ್ಪು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಉಳಿಯಬೇಕಾದುದು, ಅಳಿಯಬೇಕಾದುದು

ಪರಂಪರೆಯೆಂದೊಡನೆ ಎಲ್ಲವೂ ಪೂಜ್ಯವೆಂದು ತಿಳಿಯಬಾರದು. ಎಲ್ಲಮ್ಮನ ಚೌಡಿಕೆಯ ಪದಗಳು ಅಮೂಲ್ಯ. ಆದರೆ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರ ಹೆಸರಿನಲ್ಲಿ ಬಿಡುತ್ತಿದ್ದ ಪದ್ಧತಿ ಪಾಪ. ಕರ್ನಾಟಕವು ೧೯೮೨ರಲ್ಲಿ, ಆಂಧ್ರಪ್ರದೇಶವು ೧೯೮೮ರಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಿದವು. ಅಂತೆಯೇ ಹಾಡುಗಾರರ ಮಕ್ಕಳು ಭಿಕ್ಷೆಯ ಜೋಳಿಗೆಯನ್ನು ಹೊರಬೇಕೆಂದು ಬಯಸುವುದು ಅನ್ಯಾಯ. ಹಾಡು ಉಳಿಯಲಿ, ಹಾಡಿನ ಕೊರಳಿಗೆ ಬಿದ್ದ ನೊಗ ಕಳಚಲಿ. ಹುಡುಗ ಶಾಲೆಗೆ ಬರಲಿ. ಬರುವಾಗ ತನ್ನ ಹಾಡನ್ನು ಬಾಗಿಲ ಹೊರಗೆ ಬಿಟ್ಟು ಬರುವಂತಾಗದಿರಲಿ.

ನಮ್ಮ ಶಾಲೆ ಮಾಡಬಹುದಾದ ಕೆಲಸ

ಗಡಿಯ ಈಚೆಗೆ ಇರುವ ಕನ್ನಡ ಮಾಧ್ಯಮದ ಶಾಲೆಗಳಿಗೆ ಒಂದು ವಿಶೇಷ ಹೊಣೆಯಿದೆ. ಇಲ್ಲಿಯ ಕನ್ನಡ ಹಾಡುಗಳನ್ನು ಕೇಳಿದ ಹಾಗೆಯೇ ಬರೆದಿಡಬಲ್ಲ ಮಕ್ಕಳು ಈ ಶಾಲೆಗಳಿಂದಲೇ ಬರಬೇಕು. ನಮ್ಮಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತಿರುವುದು ಎಲ್ಲರಿಗೂ ತಿಳಿದ ವಿಷಯ. ಓದುವವರಿಲ್ಲವಾದರೆ ಬರೆದಿಟ್ಟ ಹಾಡೂ ಮೂಕವಾಗುತ್ತದೆ. ಆದುದರಿಂದ ಈ ಕೆಳಗಿನ ಸಲಹೆಗಳನ್ನು ಶಿಕ್ಷಕ ಬಂಧುಗಳ ಮುಂದೆ ವಿನಯದಿಂದ ಇಡುತ್ತೇನೆ.

ಮೊದಲನೆಯದಾಗಿ, ಶಾಲೆಯಲ್ಲಿ ಒಂದು ಹಾಡಿನ ಪುಸ್ತಕವನ್ನು ತೆರೆಯಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೆ ಒಂದು ಹಾಡನ್ನು ತನ್ನ ಅಜ್ಜಿಯಿಂದಲೋ ಕೇರಿಯ ಹಿರಿಯರಿಂದಲೋ ಕೇಳಿ ಬರೆಯಬೇಕು. ಯಾರು ಹಾಡಿದರು, ಯಾವ ಊರು, ಯಾವ ಸಂದರ್ಭದ ಹಾಡು, ಯಾವ ವಾದ್ಯ ಎಂಬ ವಿವರಗಳನ್ನು ಹಾಡಿನ ಮೇಲೆ ಗುರುತಿಸಬೇಕು.

ಎರಡನೆಯದಾಗಿ, ಹಾಡಿದ ಮಾತನ್ನು ಹಾಡಿದಂತೆಯೇ ಬರೆಯಬೇಕು. ನಡುವೆ ತೆಲುಗು ಮಾತು ಬಂದರೆ ಬರಲಿ. ಗ್ರಾಂಥಿಕ ಕನ್ನಡಕ್ಕೆ ತಿದ್ದಬಾರದು. ನಾವು ಉಪಾಧ್ಯಾಯರಿಗೆ ಕೆಂಪು ಶಾಯಿಯ ಚಾಳಿ ಹೆಚ್ಚು. ಅದನ್ನು ಇಲ್ಲಿ ಬಿಡಬೇಕು.

ಮೂರನೆಯದಾಗಿ, ಯಾವ ಮೊಬೈಲು ಹಾಡನ್ನು ಕೊಲ್ಲುತ್ತಿದೆಯೆಂದು ದೂರುತ್ತೇವೆಯೋ ಅದರಿಂದಲೇ ಹಾಡನ್ನು ಹಿಡಿದಿಡಬಹುದು. ಆದರೆ ಹಾಡುಗಾರರ ಒಪ್ಪಿಗೆಯನ್ನು ಕೇಳಿಯೇ ಧ್ವನಿಮುದ್ರಣ ಮಾಡಬೇಕು.

ನಾಲ್ಕನೆಯದಾಗಿ, ಶಾಲಾ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡಿನ ಕುಣಿತದ ಜೊತೆಗೆ ಊರಿನ ಒಂದು ಮೇಳವನ್ನಾದರೂ ಕರೆಸಬೇಕು. ಅವರಿಗೆ ಶಾಲು ಹಾರದ ಜೊತೆಗೆ ದಿನದ ಕೂಲಿಗೆ ಕಡಮೆಯಾಗದ ಸಂಭಾವನೆಯನ್ನು ಕೊಡಬೇಕು. ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಇದು ದೊಡ್ಡ ಮಾತಲ್ಲ.

ಕೊನೆಯದಾಗಿ, ಹಾಡುವ ಮನೆತನದ ಮಗು ತರಗತಿಯಲ್ಲಿದ್ದರೆ ಅದನ್ನು ಎದ್ದು ನಿಲ್ಲಿಸಿ ಹಾಡಿಸಿ. ಜಾತ್ರೆಗೆ ಹೋದ ದಿನಗಳಿಗಾಗಿ ದಂಡಿಸಬೇಡಿ; ತಪ್ಪಿದ ಪಾಠವನ್ನು ಸಂಜೆ ಕೂರಿಸಿ ಹೇಳಿಕೊಡಿ.

ನನ್ನ ತಾಯಿ ಹಾಡಿದ ಬೀಸುವ ಪದಗಳಲ್ಲಿ ನನಗೆ ಇಂದು ನೆನಪಿರುವುದು ಹತ್ತು ಹನ್ನೆರಡು ಮಾತ್ರ. ಅಕ್ಷರ ಬಲ್ಲ ಮಗನಾಗಿಯೂ ಆಕೆ ಇದ್ದಾಗ ನಾನು ಬರೆದುಕೊಳ್ಳಲಿಲ್ಲ. ಈ ಸುವರ್ಣ ಮಹೋತ್ಸವದ ನೆನಪಿಗಾಗಿ ಆ ಹತ್ತು ಹನ್ನೆರಡನ್ನು ಒಂದು ನೋಟುಬುಕ್ಕಿನಲ್ಲಿ ಬರೆದು, ಮೊದಲ ಪುಟದಲ್ಲಿ ಆಕೆಯ ಹೆಸರನ್ನೂ ಕಲ್ಲಿನ ಆಚೆ ಬದಿಗೆ ಕೂರುತ್ತಿದ್ದ ನೆರೆಮನೆಯ ತಾಯಿಯ ಹೆಸರನ್ನೂ ಕಾಣಿಸಿ, ಶಾಲೆಯ ಪುಸ್ತಕ ಭಂಡಾರಕ್ಕೆ ಒಪ್ಪಿಸಿದ್ದೇನೆ. ಉಳಿದ ಪುಟಗಳು ಖಾಲಿ ಇವೆ. ಅವನ್ನು ತುಂಬುವ ಕೆಲಸವನ್ನು ನಮ್ಮ ಮಕ್ಕಳಿಗೆ ಬಿಟ್ಟಿದ್ದೇನೆ. ಶಾಲೆಯು ಶತಮಾನೋತ್ಸವವನ್ನು ಕಾಣಲಿ. ಅಂದು ಆ ಪುಸ್ತಕವನ್ನು ಕನ್ನಡದಲ್ಲಿ ಓದಿ ಹಾಡುವವರು ಇಲ್ಲಿ ಇರಲಿ ಎಂದು ಹಾರೈಸುತ್ತೇನೆ.